ಕಡಲಲ್ಲಿ ಕಾಣೆಯಾದವರ ಲೆಕ್ಕ ಇಡುವವರು ಯಾರು?

ಕೋಲಾರದವರಿಗೆ ಹತ್ತಿರದ ಕಡಲು ಮಂಗಳೂರಿನದಲ್ಲ, ಚೆನ್ನೈನದು. ಬಂಗಾರಪೇಟೆಯಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಯೊಳಗೆ ಮರೀನಾದ ಮರಳಲ್ಲಿ ಓಡಾಡಬಹುದು. ನಮ್ಮ ಕಡೆಯ ಬಹಳ ಮಂದಿ ಸಮುದ್ರವನ್ನು ಮೊದಲು ನೋಡಿದ್ದು ಅಲ್ಲೇ. ನಾನೂ ಅಷ್ಟೆ. ಅದಕ್ಕೇ ಇರಬೇಕು, 2016ರ ಜುಲೈ 22ರ ಸುದ್ದಿ ಎಲ್ಲೋ ದೂರದ್ದು ಅನ್ನಿಸಲಿಲ್ಲ. ಚೆನ್ನೈ ಪಕ್ಕದ ತಾಂಬರಂನಿಂದ ವಾಯುಪಡೆಯ ಎಎನ್-32 ವಿಮಾನ ಬೆಳಿಗ್ಗೆ 8:30ಕ್ಕೆ ಪೋರ್ಟ್ ಬ್ಲೇರ್ ಕಡೆ ಹೊರಟಿತ್ತು. ಒಳಗೆ 29 ಮಂದಿ. 9:12ರ ಹೊತ್ತಿಗೆ 23,000 ಅಡಿ ಎತ್ತರದಲ್ಲಿತ್ತು. ಇದ್ದಕ್ಕಿದ್ದ ಹಾಗೆ ಎಡಕ್ಕೆ ತಿರುಗಿತು, ಸರಸರನೆ ಕೆಳಗಿಳಿಯಿತು, ರಾಡಾರ್ ಪರದೆಯಿಂದ ಮರೆಯಾಯಿತು.

ಹಡಗು, ವಿಮಾನ, ಜಲಾಂತರ್ಗಾಮಿ, ಉಪಗ್ರಹ ಎಲ್ಲವನ್ನೂ ಇಟ್ಟುಕೊಂಡು ಎರಡು ತಿಂಗಳ ಹತ್ತಿರ ಹುಡುಕಿದರು. ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ 29 ಮನೆಗಳಿಗೂ ಪತ್ರ ಹೋಯಿತು. ನಿಮ್ಮವರು ತೀರಿಕೊಂಡಿದ್ದಾರೆ ಎಂದೇ ತಿಳಿಯಬೇಕಾಗಿದೆ ಎನ್ನುವುದು ಅದರ ಸಾರಾಂಶ.

ಏಳೂವರೆ ವರ್ಷ ಕಳೆಯಿತು. 2024ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಒಂದು ಹೇಳಿಕೆ ಕೊಟ್ಟಿತು. ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ತನ್ನ ಮಾನವರಹಿತ ನೌಕೆಯನ್ನು ಕಡಲ ತಳಕ್ಕೆ ಕಳಿಸಿತ್ತು. ಕರಾವಳಿಯಿಂದ ಸುಮಾರು 310 ಕಿ.ಮೀ. ಆಚೆ, 3,400 ಮೀಟರ್ ಆಳದಲ್ಲಿ ವಿಮಾನದ ಅವಶೇಷಗಳ ಫೋಟೋ ಸಿಕ್ಕಿತು. ಪರೀಕ್ಷಿಸಿ ನೋಡಿದರೆ ಅವು ಎಎನ್-32ಕ್ಕೆ ಹೊಂದುತ್ತಿದ್ದವು. ಆ ಜಾಗದಲ್ಲಿ ಬೇರೆ ಯಾವ ವಿಮಾನವೂ ಕಾಣೆಯಾದ ದಾಖಲೆ ಇರಲಿಲ್ಲ.

3,400 ಮೀಟರ್. ಈ ಅಂಕಿ ಓದಿದಾಗ ನಾನು ಪೇಪರ್ ಕೆಳಗಿಟ್ಟೆ. ನಾನಿರುವುದು ಕೆಜಿಎಫ್‌ನಲ್ಲಿ. ಇಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್. ಗಣಿ ಮುಚ್ಚಿದ್ದು 2001ರಲ್ಲಿ, ಆದರೆ ಆ ಆಳ ಅಂದರೆ ಏನು ಅಂತ ಈ ಊರಿಗೆ ಇನ್ನೂ ನೆನಪಿದೆ. ನಮ್ಮ ಬೀದಿಯ ಕೊನೆಮನೆಯ ತಾತ ಆ ಗಣಿಯಲ್ಲಿ ಇಳಿದವರು. ಪೇಪರ್ ತೆಗೆದುಕೊಂಡು ಹೋಗಿ ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ಆಳದಲ್ಲಿ ಯಾರು ಏನು ಕೂಗಿದರೂ ಮೇಲಕ್ಕೆ ಕೇಳಲ್ಲಪ್ಪ. ಅದಕ್ಕೇ ದೀಪ ಎಣಿಸ್ತಿದ್ರು" ಅಂದರು.

ದೀಪದ ವಿಷಯ ಏನು ಅಂತ ಕೇಳಿದೆ. ಪಾಳಿಗೆ ಇಳಿಯುವ ಮುಂಚೆ ದೀಪದ ಕೋಣೆಯಲ್ಲಿ ಪ್ರತಿ ಆಳಿಗೂ ತಲೆಗೆ ಕಟ್ಟುವ ದೀಪ ಕೊಡುತ್ತಾರೆ. ಅದಕ್ಕೊಂದು ನಂಬರ್. ಪಾಳಿ ಮುಗಿಸಿ ಬಂದವನು ದೀಪವನ್ನು ಅದೇ ಗೂಟಕ್ಕೆ ವಾಪಸ್ ಹಾಕಬೇಕು. ಒಂದು ಗೂಟ ಖಾಲಿ ಉಳಿದರೆ ಒಬ್ಬ ಇನ್ನೂ ಕೆಳಗಿದ್ದಾನೆ ಅಂತ ಅರ್ಥ. ಆಗ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಕಡಲಲ್ಲಿ ಹಡಗು, ವಿಮಾನ ಮಾಯವಾಗುವ ಕಥೆಗಳನ್ನು ನಾನು ಅಲ್ಲಿಂದ ಈಚೆಗೆ ಈ ಗೂಟದ ಲೆಕ್ಕದಲ್ಲೇ ಓದುತ್ತಿದ್ದೇನೆ. ಪ್ರತಿ ಕಣ್ಮರೆಯ ಹಿಂದೆಯೂ ಒಂದು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಯಾರೂ ಎಣಿಸುತ್ತಿರುವುದಿಲ್ಲ, ಅಥವಾ ಎಣಿಸುವ ಸಾಧನವೇ ಇರುವುದಿಲ್ಲ. ನಾವು ನಿಗೂಢ ಅನ್ನುವುದು ಬಹುಪಾಲು ಆ ಹೊತ್ತಿಗೇ.

ಬರ್ಮುಡಾದಲ್ಲಿ ಇರುವುದು ಏನು

ಪಕ್ಕದ ಮನೆಯ ಹುಡುಗ ಒಂಬತ್ತನೇ ಕ್ಲಾಸು. ಅಟ್ಲಾಂಟಿಕ್ ಸಾಗರದ ಬರ್ಮುಡಾ ತ್ರಿಕೋನದ ವಿಡಿಯೊ ಒಂದಾದ ಮೇಲೊಂದು ನೋಡುತ್ತಾನೆ. "ಅಲ್ಲಿ ಹೋದವರು ವಾಪಸ್ ಬರಲ್ವಂತೆ, ನಿಜಾನಾ ಅಂಕಲ್?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

1945ರ ಡಿಸೆಂಬರ್ 5ರಂದು ಅಮೆರಿಕದ ನೌಕಾಪಡೆಯ ಐದು ಅವೆಂಜರ್ ವಿಮಾನಗಳು ಫ್ಲೋರಿಡಾದಿಂದ ತರಬೇತಿಗೆ ಹಾರಿದವು. ಒಟ್ಟು 14 ಮಂದಿ. ಮುಂದಾಳು ತನ್ನ ದಿಕ್ಸೂಚಿಗಳು ಕೆಟ್ಟಿವೆ ಎಂದು ರೇಡಿಯೊದಲ್ಲಿ ಹೇಳಿದ. ತಾನು ಫ್ಲೋರಿಡಾದ ತುದಿಯ ದ್ವೀಪಗಳ ಮೇಲಿದ್ದೇನೆ ಅಂದುಕೊಂಡ. ನಿಜಕ್ಕೂ ಅವರು ಇದ್ದದ್ದು ಬಹುಶಃ ಬಹಾಮಾಸ್ ಕಡೆ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಾ ಹೊತ್ತು ಹೋಯಿತು. ಕತ್ತಲಾಯಿತು, ಇಂಧನ ಮುಗಿಯುತ್ತಾ ಬಂತು, ಕೆಳಗೆ ಕಡಲು ರೊಚ್ಚಿಗೆದ್ದಿತ್ತು. ಅವರನ್ನು ಹುಡುಕಲು ಹೋದ ಇನ್ನೊಂದು ವಿಮಾನದಲ್ಲಿ 13 ಮಂದಿ ಇದ್ದರು. ಅದೂ ಬರಲಿಲ್ಲ. ಆದರೆ ಆ ರಾತ್ರಿ ಕಡಲ ಮೇಲೆ ಬೆಂಕಿ ಎದ್ದದ್ದನ್ನು ಒಂದು ತೈಲ ಹಡಗಿನವರು ಕಣ್ಣಾರೆ ಕಂಡಿದ್ದಾರೆ. ವಿಡಿಯೊಗಳಲ್ಲಿ ಈ ಹಡಗಿನ ಮಾತು ಬರುವುದೇ ಅಪರೂಪ.

ಬರ್ಮುಡಾ ತ್ರಿಕೋನ ಎಂಬ ಹೆಸರು ಹುಟ್ಟಿದ್ದು ಆಮೇಲೆ, 1964ರಲ್ಲಿ, ಒಂದು ಪತ್ರಿಕಾ ಲೇಖನದಿಂದ. ಅಲ್ಲಿಂದ ಶುರುವಾದ ಅಂತೆಕಂತೆ ಇವತ್ತಿಗೂ ನಿಂತಿಲ್ಲ. ಅಲ್ಲಿ ಹಡಗಿನ ಓಡಾಟ ಜಾಸ್ತಿ, ಚಂಡಮಾರುತ ಜಾಸ್ತಿ, ಗಲ್ಫ್ ಸ್ಟ್ರೀಮ್ ಎಂಬ ಜೋರಾದ ಪ್ರವಾಹ ಬೇರೆ. ಹಾಗಾಗಿ ಅಪಘಾತಗಳೂ ಆಗುತ್ತವೆ. ಇತರ ಕಡಲುಗಳಿಗಿಂತ ಅಲ್ಲಿ ಲೆಕ್ಕ ಮೀರಿ ನಷ್ಟವಾಗಿದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಕರಾವಳಿ ಕಾವಲು ಪಡೆಯೇ ಹೇಳಿದೆ.

ಅದೇ ಕಡಲಿನ ಇನ್ನೊಂದು ಸಂಗತಿ ಹೇಳುತ್ತೇನೆ. 2015ರ ಅಕ್ಟೋಬರ್ 1ರಂದು ಎಲ್ ಫಾರೊ ಎಂಬ ಸರಕು ಹಡಗು ಹ್ವಾಕೀನ್ ಚಂಡಮಾರುತಕ್ಕೆ ಸಿಕ್ಕಿ ಬಹಾಮಾಸ್ ಬಳಿ ಮುಳುಗಿತು. 33 ಮಂದಿಯೂ ಹೋದರು. ಹಡಗು ಸುಮಾರು 4,600 ಮೀಟರ್ ಆಳದಲ್ಲಿ ಸಿಕ್ಕಿತು. ಅದರ ಧ್ವನಿ ಮುದ್ರಕವನ್ನು 2016ರ ಆಗಸ್ಟ್‌ನಲ್ಲಿ ಮೇಲೆತ್ತಿದರು. ಅದರಲ್ಲಿ ಕೊನೆಯ 26 ಗಂಟೆಗಳ ಮಾತುಕತೆ ಇತ್ತು. ಕ್ಯಾಪ್ಟನ್ ನೋಡುತ್ತಿದ್ದ ಹವಾಮಾನ ವರದಿ ಗಂಟೆಗಟ್ಟಲೆ ಹಳೆಯದು, ದಾರಿ ಬದಲಿಸೋಣ ಎಂದು ಕೈಕೆಳಗಿನವರು ಹೇಳಿದ್ದರು, ಒಳಗೆ ನೀರು ನುಗ್ಗಿತ್ತು, ಎಂಜಿನ್ ನಿಂತುಹೋಗಿತ್ತು. ಎಲ್ಲವೂ ಗೊತ್ತಾಯಿತು. ಆ ಪೆಟ್ಟಿಗೆ ಸಿಕ್ಕಿರದಿದ್ದರೆ ಎಲ್ ಫಾರೊ ಕೂಡ ತ್ರಿಕೋನದ ಕಥೆಗಳಿಗೆ ಸೇರಿಹೋಗುತ್ತಿತ್ತು. ಆ 33 ಮಂದಿಯ ಸಾವಿಗೆ ಯಾವ ತಪ್ಪು ಕಾರಣ ಎಂದು ಯಾರೂ ಕೇಳುತ್ತಿರಲಿಲ್ಲ. ಮಾಯದ ಕಥೆಗಳ ಬಗ್ಗೆ ನನಗಿರುವ ಸಂಕಟ ಇದೇ. ಕೇಳಬೇಕಾದ ಪ್ರಶ್ನೆಯನ್ನು ಅವು ನುಂಗಿಬಿಡುತ್ತವೆ.

ರಾಡಾರ್ ಎಲ್ಲಿಯವರೆಗೆ ನೋಡುತ್ತದೆ

ಈ ಕಾಲದಲ್ಲೂ ಅಷ್ಟು ದೊಡ್ಡ ವಿಮಾನ ಕಾಣೆಯಾಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಜೇಬಿನ ಫೋನೇ ನಾವೆಲ್ಲಿದ್ದೇವೆ ಅಂತ ಹೇಳುತ್ತದೆ, ಅಲ್ವಾ? ಹೇಳುತ್ತದೆ, ಟವರ್ ಇದ್ದರೆ. ಅಂತರಗಂಗೆ ಬೆಟ್ಟದ ಆಚೆ ಮಗ್ಗುಲಿಗೆ ಇಳಿದರೆ ಸಿಗ್ನಲ್ ಬಿಟ್ಟುಬಿಟ್ಟು ಬರುತ್ತದೆ, ಬೆಟ್ಟ ಅಡ್ಡ ಬರುವುದರಿಂದ. ಕಡಲಲ್ಲಿ ಬೆಟ್ಟ ಇಲ್ಲ, ಆದರೆ ಭೂಮಿಯೇ ಬಾಗಿದೆ. ರಾಡಾರ್ ಕಿರಣ ನೇರಕ್ಕೆ ಹೋಗುತ್ತದೆ, ಬಾಗುವುದಿಲ್ಲ. ಮೂವತ್ತೈದು ಸಾವಿರ ಅಡಿ ಎತ್ತರದ ವಿಮಾನವೂ ದಡದ ರಾಡಾರ್‌ಗೆ ಕಾಣುವುದು ಹೆಚ್ಚು ಕಡಿಮೆ 400 ಕಿ.ಮೀ.ವರೆಗೆ. ಆಮೇಲೆ ವಿಮಾನವೇ ಉಪಗ್ರಹದ ಮೂಲಕ ಇಲ್ಲಿದ್ದೇನೆ ಎಂದು ಹೇಳಬೇಕು. ಅದು ಸುಮ್ಮನಾದರೆ ನಾವು ಕುರುಡರೇ. ನೀರಿನ ಮಟ್ಟದಲ್ಲಿರುವ ಸಣ್ಣ ಬೋಟು ಇನ್ನೂ ಎಷ್ಟೋ ಮೊದಲೇ ಮರೆಯಾಗುತ್ತದೆ.

ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನಕ್ಕೆ ಆದದ್ದು ಇದೇ. 2014ರ ಮಾರ್ಚ್ 8ರ ನಡುರಾತ್ರಿ ಅದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟಿತು. 239 ಮಂದಿ, ಅವರಲ್ಲಿ ಐವರು ಭಾರತೀಯರು. 1:19ಕ್ಕೆ ಕೊನೆಯ ಮಾತು. ಎರಡು ನಿಮಿಷದಲ್ಲಿ, ವಿಮಾನದ ಗುರುತನ್ನು ರಾಡಾರ್‌ಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಬಂದ್. ವಿಮಾನ ಹಿಂದಕ್ಕೆ ತಿರುಗಿ ಮಲೇಷ್ಯಾವನ್ನು ದಾಟಿದ್ದು ಸೇನೆಯ ರಾಡಾರ್‌ನಲ್ಲಿ ದಾಖಲಾಗಿತ್ತು. ಆದರೆ ಅದನ್ನು ನೋಡಿ ಯಾರೂ ಆ ಹೊತ್ತಿಗೆ ಎಚ್ಚರಿಸಲಿಲ್ಲ. 2:22ಕ್ಕೆ ಅದೂ ಮುಗಿಯಿತು.

ಆದರೂ ವಿಮಾನ ಇನ್ನೂ ಆರು ಗಂಟೆಯ ಹತ್ತಿರ ಹಾರಿದೆ. ಗೊತ್ತಾದದ್ದು ಹೇಗೆಂದರೆ, ಅದರೊಳಗಿನ ಒಂದು ಸಾಧನ ಆಗಾಗ ಇನ್ಮಾರ್‌ಸ್ಯಾಟ್ ಉಪಗ್ರಹಕ್ಕೆ ಇದ್ದೀನಿ ಎಂದು ಉತ್ತರ ಕೊಡುತ್ತಿತ್ತು. ಕೊನೆಯ ಉತ್ತರ 8:19ಕ್ಕೆ. ಅದರಿಂದ ವಿಮಾನ ಉಪಗ್ರಹದಿಂದ ಎಷ್ಟು ದೂರ ಇತ್ತು ಎಂದು ತಿಳಿಯುತ್ತದೆ, ಯಾವ ಕಡೆ ಎಂದು ತಿಳಿಯುವುದಿಲ್ಲ. ಯಾರೋ ಫೋನ್ ಮಾಡಿ ಕೋಲಾರದ ಕ್ಲಾಕ್ ಟವರ್‌ನಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿದ್ದೇನೆ ಅಂದರೆ ಏನು ತಿಳಿಯುತ್ತದೆ? ಮುಳಬಾಗಿಲಲ್ಲಿರಬಹುದು, ಕೆಜಿಎಫ್‌ನಲ್ಲಿರಬಹುದು, ಮಾಲೂರಿನ ಕಡೆ ಇರಬಹುದು. ಸುತ್ತ ಒಂದು ಬಳೆ ಬರೆದು ಬಳೆಯ ಮೇಲೆಲ್ಲ ಹುಡುಕಬೇಕು. ಸಿಗ್ನಲ್‌ನ ಕಂಪನಾಂಕದಲ್ಲಿ ಆದ ಸಣ್ಣ ಏರುಪೇರು ನೋಡಿ ಬಳೆಯ ದಕ್ಷಿಣ ಭಾಗ ಎಂದು ತೀರ್ಮಾನಿಸಿದರು. ಅದೂ ಸಾವಿರಾರು ಕಿಲೋಮೀಟರ್ ಉದ್ದ.

1,20,000 ಚದರ ಕಿ.ಮೀ. ಕಡಲ ತಳ ಜಾಲಾಡಿ 2017ರ ಜನವರಿಯಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ರೆಕ್ಕೆಯ ಒಂದು ತುಂಡು 2015ರ ಜುಲೈನಲ್ಲಿ ರಿಯೂನಿಯನ್ ದ್ವೀಪದ ದಡಕ್ಕೆ ಬಂದು ಬಿದ್ದಿತ್ತು. ವಿಮಾನ ಹಿಂದೂ ಮಹಾಸಾಗರದಲ್ಲೇ ಬಿದ್ದಿದೆ ಎನ್ನುವುದಕ್ಕೆ ಕೈಗೆ ಸಿಕ್ಕ ಮೊದಲ ಸಾಕ್ಷಿ ಅದು. 2018ರಲ್ಲಿ ಓಷನ್ ಇನ್ಫಿನಿಟಿ ಎಂಬ ಕಂಪನಿ ಹುಡುಕಿತು, ಸಿಗಲಿಲ್ಲ. 2025ರ ಮಾರ್ಚ್‌ನಲ್ಲಿ ಮಲೇಷ್ಯಾ ಅದೇ ಕಂಪನಿಯ ಜೊತೆ ಮತ್ತೆ ಒಪ್ಪಂದ ಮಾಡಿಕೊಂಡಿತು. ಹೊಸದಾಗಿ 15,000 ಚದರ ಕಿ.ಮೀ. ಜಾಗ, ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಒಂದು ಕಾಸೂ ಇಲ್ಲ. ಏಪ್ರಿಲ್‌ನಲ್ಲಿ ಹವಾಮಾನ ಸರಿಯಿಲ್ಲ ಎಂದು ನಿಂತ ಕೆಲಸ ಡಿಸೆಂಬರ್ 30ರಿಂದ ಮತ್ತೆ ಶುರುವಾಗುತ್ತದೆ ಎಂದು ಅಲ್ಲಿನ ಸರ್ಕಾರ ಪ್ರಕಟಿಸಿತು. ಹನ್ನೊಂದು ವರ್ಷ ಕಳೆದರೂ ಆ ಕುಟುಂಬಗಳು ಪಟ್ಟು ಬಿಟ್ಟಿಲ್ಲ. ಅದಕ್ಕೇ ಈ ಹುಡುಕಾಟ ಇನ್ನೂ ಜೀವಂತವಾಗಿದೆ ಎಂದು ನಾನು ನಂಬಿದ್ದೇನೆ.

ಟಾರ್ಚಿನಷ್ಟು ದೊಡ್ಡ ಸಾಧನ

ಎಲ್ಲಿ ಬಿತ್ತು ಎಂದು ಗೊತ್ತಿದ್ದರೂ ಹುಡುಕುವುದು ಸುಲಭವಲ್ಲ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ಗೆ ಬಿತ್ತು. 228 ಮಂದಿ ಸತ್ತರು. ಅದು ಕೊನೆಯ ಬಾರಿ ಎಲ್ಲಿತ್ತು ಎಂದು ಗೊತ್ತಿತ್ತು. ಅವಶೇಷ ಸಿಕ್ಕಿದ್ದು ಆ ಜಾಗದಿಂದ ಬರೀ 12 ಕಿ.ಮೀ. ದೂರದಲ್ಲಿ, ಸುಮಾರು 3,900 ಮೀಟರ್ ಕೆಳಗೆ. ಆದರೂ ಅದಕ್ಕೆ ಹಿಡಿದದ್ದು ಎರಡು ವರ್ಷದ ಹತ್ತಿರ.

ಆ ಆಳ ಹೇಗಿರುತ್ತದೆ ಎಂದು ನಮ್ಮ ಕಡೆಯ ಲೆಕ್ಕದಲ್ಲೇ ಹೇಳುತ್ತೇನೆ. 3,400 ಮೀಟರ್ ಕೆಳಗೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 350 ಕೆ.ಜಿ. ಭಾರ ಬೀಳುತ್ತದೆ. ಕೋಲಾರದ ಮಾರ್ಕೆಟ್ಟಿನ ಟೊಮೆಟೊ ಬಾಕ್ಸು ಹದಿನೈದು ಕೆ.ಜಿ. ಅಂದರೆ ಒಂದು ಉಗುರಿನ ಮೇಲೆ ಇಪ್ಪತ್ತಮೂರು ಬಾಕ್ಸು ಪೇರಿಸಿದ ಹಾಗೆ. ಬೆಳಕು ಒಂದು ಚೂರೂ ಇಲ್ಲ. ರೇಡಿಯೊ ತರಂಗ ಉಪ್ಪುನೀರಿನಲ್ಲಿ ಮುಂದೆ ಹೋಗುವುದಿಲ್ಲ. ನೀರಿನೊಳಗೆ ದೂರ ಹೋಗುವುದು ಶಬ್ದ ಮಾತ್ರ. ಭೂಮಿಯ ಕಡಲ ತಳದಲ್ಲಿ ಸರಿಯಾಗಿ ನಕ್ಷೆ ಆಗಿರುವುದು ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಶಬ್ದಕ್ಕಾಗಿಯೇ ಒಂದು ಸಾಧನ ಇದೆ. ಟಾರ್ಚ್‌ಗಿಂತ ದೊಡ್ಡದಲ್ಲ. ನೀರು ತಾಗಿದ ಕೂಡಲೇ ಟಕ್ ಟಕ್ ಎಂದು ಮಿಡಿಯತೊಡಗುತ್ತದೆ. ಮೊದಲು ಅದರ ಬ್ಯಾಟರಿ 30 ದಿನ ಬರುತ್ತಿತ್ತು. ಏರ್ ಫ್ರಾನ್ಸ್ 447, ಎಂಎಚ್370 ಈ ಎರಡರ ಪಾಠದಿಂದ ಈಗ 90 ದಿನ ಬರುವಂಥದ್ದನ್ನು ಹಾಕುತ್ತಾರೆ. ಕೆಲವು ಕಿಲೋಮೀಟರ್ ದೂರಕ್ಕೆ ಮಾತ್ರ ಕೇಳುವ ಸದ್ದು ಅದು, ಆದರೂ ಇರಬೇಕು.

2015ರ ಜೂನ್‌ನಲ್ಲಿ ನಮ್ಮ ಕರಾವಳಿ ಕಾವಲು ಪಡೆಯ ಡಾರ್ನಿಯರ್ ವಿಮಾನ ಮೂವರ ಸಮೇತ ತಮಿಳುನಾಡಿನ ಕಡಲಲ್ಲಿ ಕಾಣೆಯಾಗಿತ್ತು. ಅದರಲ್ಲಿ ಈ ಸಾಧನ ಇತ್ತು. ಐಎನ್ಎಸ್ ಸಿಂಧುಧ್ವಜ ಜಲಾಂತರ್ಗಾಮಿ ಅದರ ಮಿಡಿತ ಕೇಳಿಸಿಕೊಂಡಿತು. ಒಂದು ತಿಂಗಳಲ್ಲಿ, ಸುಮಾರು 950 ಮೀಟರ್ ಆಳದಿಂದ ಅದರ ಬ್ಲ್ಯಾಕ್ ಬಾಕ್ಸ್ ಮೇಲೆ ಬಂತು. ಮರುವರ್ಷ ಕಾಣೆಯಾದ ಎಎನ್-32ರಲ್ಲಿ ಈ ಸಾಧನ ಇರಲಿಲ್ಲ ಎಂದು ಆಗಲೇ ವರದಿಯಾಯಿತು. ನಿಜ, ಅಲ್ಲಿ ಆಳ ಮೂರು ಪಟ್ಟಿಗಿಂತ ಜಾಸ್ತಿ. ಇದ್ದರೂ ಕೇಳಿಸುತ್ತಿತ್ತು ಎಂದು ಖಂಡಿತ ಹೇಳಲಾಗುವುದಿಲ್ಲ. ಆದರೆ ಇರಲೇ ಇಲ್ಲ ಎನ್ನುವುದನ್ನು ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಇದೇ ಮಾದರಿಯ ಇನ್ನೊಂದು ವಿಮಾನ 1986ರ ಮಾರ್ಚ್‌ನಲ್ಲಿ ಒಮಾನ್ ಕಡೆಯಿಂದ ಜಾಮ್‌ನಗರಕ್ಕೆ ಬರುವಾಗ ಕಡಲ ಮೇಲೆ ಕಾಣೆಯಾಗಿತ್ತು. ಏಳು ಮಂದಿ. ಇವತ್ತಿಗೂ ಪತ್ತೆ ಇಲ್ಲ. ಒಂದು ಸಲ ಗೂಟ ಖಾಲಿ ಉಳಿದ ಮೇಲೆ ಈ ಸಾಧನ ಹಾಕಿಸಲು ಮೂವತ್ತು ವರ್ಷ ಸಮಯ ಇತ್ತು.

ಪ್ರಯಾಣಿಕ ವಿಮಾನಗಳ ನಿಯಮ ಬಿಗಿಯಾಗಿದೆ. ಕಡಲ ಮೇಲೆ ಹಾರುವ ದೊಡ್ಡ ವಿಮಾನದ ಜಾಗ 15 ನಿಮಿಷಕ್ಕೊಮ್ಮೆ ಕಂಪನಿಗೆ ತಿಳಿಯಬೇಕು. ಹೊಸದಾಗಿ ತಯಾರಾಗುವ ದೊಡ್ಡ ವಿಮಾನಗಳು ಅಪಾಯಕ್ಕೆ ಸಿಕ್ಕರೆ ನಿಮಿಷಕ್ಕೊಮ್ಮೆ ತಾವಾಗಿಯೇ ಜಾಗ ತಿಳಿಸಬೇಕು. ಇದು ನಿಜಕ್ಕೂ ದೊಡ್ಡ ಕೆಲಸ. ಹಡಗುಗಳಲ್ಲಿ ಮಾತ್ರ ಉಲ್ಟಾ ಒಂದು ನಡೆಯುತ್ತಿದೆ. 300 ಟನ್ನಿಗಿಂತ ದೊಡ್ಡ ಹಡಗು ದೇಶದಿಂದ ದೇಶಕ್ಕೆ ಹೋಗುವಾಗ ತನ್ನ ಗುರುತು ಮತ್ತು ಜಾಗವನ್ನು ಪ್ರಸಾರ ಮಾಡುತ್ತಿರಬೇಕು. ಆದರೆ ನಿರ್ಬಂಧ ಇರುವ ತೈಲ ಸಾಗಿಸುವ ಎಷ್ಟೋ ಟ್ಯಾಂಕರುಗಳು ಆ ಯಂತ್ರವನ್ನು ಬೇಕಂತಲೇ ಆರಿಸುತ್ತವೆ, ಇಲ್ಲವೇ ಸುಳ್ಳು ಜಾಗ ತೋರಿಸುತ್ತವೆ. ತಾವಾಗಿಯೇ ಕಣ್ಮರೆಯಾಗುವ ಈ ಹಡಗುಗಳಲ್ಲೂ ನಾವಿಕರಿದ್ದಾರೆ. ನಾಳೆ ಅಲ್ಲೊಂದು ಬೆಂಕಿ ಬಿದ್ದರೆ ಅವರನ್ನು ಎಲ್ಲಿ ಅಂತ ಹುಡುಕುವುದು?

ಮಲ್ಪೆಯ ಏಳು ಮಂದಿ

ಕನ್ನಡದವರಿಗೆ ಹತ್ತಿರದ ಪ್ರಕರಣ ಸುವರ್ಣ ತ್ರಿಭುಜ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಆಳಸಮುದ್ರ ಮೀನುಗಾರಿಕೆ ಬೋಟು ಅದು. ಉಡುಪಿ ಜಿಲ್ಲೆಯ ಇಬ್ಬರು, ಉತ್ತರ ಕನ್ನಡದ ಐವರು. ಡಿಸೆಂಬರ್ 15ರ ರಾತ್ರಿ ಆದ ಮೇಲೆ ಸಂಪರ್ಕ ಇಲ್ಲ. ಇಂಥ ಬೋಟುಗಳು ಒಮ್ಮೆ ಹೊರಟರೆ ಹತ್ತು ಹನ್ನೆರಡು ದಿನ ಕಡಲಲ್ಲೇ ಇರುತ್ತವೆ. ಹಾಗಾಗಿ ಫೋನ್ ಸಿಗದ ಮೊದಲ ದಿನಗಳು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಗಾಬರಿ ಶುರುವಾಗುವಷ್ಟರಲ್ಲಿ ಹುಡುಕಬೇಕಾದ ದಿನಗಳು ಕಳೆದಿರುತ್ತವೆ.

ಆಮೇಲೆ ಯಾರೋ ಅಪಹರಿಸಿದ್ದಾರೆ ಎಂಬ ಮಾತು ಬಂತು. ಮನೆಯವರು ಅದನ್ನೇ ನಂಬಿಕೊಂಡರು. ಅಪಹರಣ ಆಗಿದ್ದರೆ ಬದುಕಿದ್ದಾರೆ ಅಂತ ತಾನೇ ಅರ್ಥ? ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು ಹೆದ್ದಾರಿ ತಡೆದರು. ಕೊನೆಗೆ ಮೇ ಮೊದಲ ವಾರ ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಿಂದ 33 ಕಿ.ಮೀ. ದೂರದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಆಳ ಬರೀ 60 ಮೀಟರ್. ಕೋಲಾರದ ಕಡೆ ಈಗ ಬೋರ್‌ವೆಲ್ ಸಾವಿರದೈನೂರು ಅಡಿ ಇಳಿಯುತ್ತದೆ. ಇದು ಇನ್ನೂರು ಅಡಿ. ಅದಕ್ಕೆ ನಾಲ್ಕೂವರೆ ತಿಂಗಳು ಬೇಕಾಯಿತು, ಎಲ್ಲಿ ಹುಡುಕಬೇಕು ಎಂಬ ಗುರುತು ಇಲ್ಲದ್ದರಿಂದ.

ಕಾಣೆಯಾದವರ ಮನೆಯಲ್ಲಿ ಏನಾಗುತ್ತದೆ ಎನ್ನುವುದು ಸುದ್ದಿಯಲ್ಲಿ ಕಾಣುವುದಿಲ್ಲ. ಶವ ಇಲ್ಲದೆ ತಿಥಿ ಮಾಡುವುದು ಯಾವ ದಿನ? ಹೆಂಡತಿ ಕುಂಕುಮ ಇಡಬೇಕೋ ಬೇಡವೋ ಎಂದು ಊರಿನವರು ಮಾತಾಡಿಕೊಳ್ಳುತ್ತಾರೆ. ಏಳು ವರ್ಷ ಸುಳಿವಿಲ್ಲದವರನ್ನು ಮೃತರೆಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಸರ್ಕಾರ ಮುಂಚೆಯೇ ಒಪ್ಪಿ ಕಾಗದ ಕೊಟ್ಟರೆ ಸರಿ. ಇಲ್ಲದಿದ್ದರೆ ಬ್ಯಾಂಕಿನ ಖಾತೆ, ವಿಮೆ, ಜಮೀನು ಎಲ್ಲದಕ್ಕೂ ಆ ಏಳು ವರ್ಷ ಅಡ್ಡ ನಿಲ್ಲುತ್ತದೆ.

2024ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಕರಾವಳಿ ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಸೇರಿ ಒಂದು ಲಕ್ಷ ಸಾಧನ, ಪುಕ್ಕಟೆಯಾಗಿ. ತಂತ್ರಜ್ಞಾನ ಇಸ್ರೋದ್ದು. ಮೊಬೈಲ್ ಟವರ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಬೋಟಿನ ಜಾಗ ದಡಕ್ಕೆ ಗೊತ್ತಾಗುತ್ತದೆ, ದಡದ ಎಚ್ಚರಿಕೆ ಬೋಟಿಗೆ ತಲುಪುತ್ತದೆ. ಹಡಗು, ವಿಮಾನಗಳ ಆಪತ್ತಿನ ಬೀಕನ್‌ಗಳ ಕರೆಗಳನ್ನು ಉಪಗ್ರಹದಿಂದ ಪಡೆಯುವ ಭಾರತದ ಕೇಂದ್ರವೂ ಬೆಂಗಳೂರಿನಲ್ಲೇ ಇದೆ, ಇಸ್ರೋದವರದ್ದು. ಕೋಲಾರದಿಂದ ಸುಮಾರು ಎಪ್ಪತ್ತು ಕಿ.ಮೀ., ಅಷ್ಟೆ. ಬಯಲುಸೀಮೆಯ ನಮಗೂ ಕಡಲಿಗೂ ಏನು ಸಂಬಂಧ ಎನ್ನುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ತಾತನಿಗೂ ಈ ಯಂತ್ರದ ವಿಷಯ ಹೇಳಿದೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಕೇಳಲಿಲ್ಲ. "ರಾತ್ರಿ ಪಾಳಿಯಲ್ಲಿ ಅದನ್ನ ನೋಡ್ತಾ ಕೂತಿರೋಕೆ ಆಳು ಇಟ್ಟಿದ್ದಾರಾ?" ಅಂದರು. ಕೆಜಿಎಫ್‌ನ ದೀಪದ ಕೋಣೆಯಲ್ಲಿ ಮೂರು ಪಾಳಿಯಲ್ಲೂ ಒಬ್ಬ ಇರುತ್ತಿದ್ದನಂತೆ. ಹಬ್ಬದ ದಿನವೂ.